ಲ್ವಾರ್ ನದಿಯ ಏರಿ ಮೇಲೆ ಒಂದು ದಿನದ ಸೈಕಲ್ ಸವಾರಿ

ಫ್ರಾನ್ಸಿನ ಲ್ವಾರ್ ಕಣಿವೆಯಲ್ಲಿ ವಿಲಾಂದ್ರಿ ಎಂಬ ಊರಿನಿಂದ ಷಿನೊನ್ ಎಂಬ ಊರಿಗೆ ಸೈಕಲ್ ದಾರಿ ಸುಮಾರು 40 ಕಿ.ಮೀ. ರೂಢಿ ಇರುವವರು ಎರಡೂವರೆ ಗಂಟೆಯಲ್ಲಿ ತುಳಿದು ಮುಗಿಸಿಬಿಡಬಹುದು. ಗೈಡ್ ಜೊತೆ ಹೋಗುವ ವಿರಾಮದ ತಂಡಕ್ಕೆ ಇದೇ ದಾರಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಬೇಕು. ಸೈಕಲ್ ಮೇಲೆ ಕೂತಿರುವುದು ಮೂರು ಗಂಟೆ. ಉಳಿದ ಐದು ಗಂಟೆಯನ್ನು ಹೊಂದಿಸುವುದೇ ಗೈಡ್‌ನ ನಿಜವಾದ ಕೆಲಸ. ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಿಲೋಮೀಟರ್ ಯಾರನ್ನೂ ಸೋಲಿಸುವುದಿಲ್ಲ, ಗಡಿಯಾರ ಸೋಲಿಸುತ್ತದೆ. ಬೇಕರಿ ಎಷ್ಟಕ್ಕೆ ಬಾಗಿಲು ಹಾಕುತ್ತದೆ, ಹೋಟೆಲಿನ ಅಡುಗೆಮನೆ ಎಷ್ಟಕ್ಕೆ ಒಲೆ ಆರಿಸುತ್ತದೆ ಎನ್ನುವುದು ತಿಳಿಯದೆ ‘ನಿಧಾನವಾಗಿ’ ಹೊರಟವರು ಮಧ್ಯಾಹ್ನ ಎರಡೂವರೆಗೆ ಬಿಸ್ಕತ್ತು ತಿನ್ನುತ್ತಾ ಕೂರಬೇಕಾಗುತ್ತದೆ.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, ಸಾವಿರ ಕಿ.ಮೀ.ಗಿಂತ ತುಸು ಹೆಚ್ಚು. ಅದರ ಪಕ್ಕದಲ್ಲೇ ನೆವೆರ್ ಊರಿನ ಬಳಿಯಿಂದ ಅಟ್ಲಾಂಟಿಕ್ ಕಡಲವರೆಗೆ ‘ಲ್ವಾರ್ ಆ ವೆಲೊ’ ಎಂಬ ಸುಮಾರು 900 ಕಿ.ಮೀ. ಉದ್ದದ ಸೈಕಲ್ ದಾರಿ ಇದೆ. ಕಣಿವೆಯ ದೊಡ್ಡ ಭಾಗ 2000ದಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ವಾರದ ಪ್ರವಾಸಗಳು ಸಾಮಾನ್ಯವಾಗಿ ಬ್ಲೊವಾದಲ್ಲಿ ಶುರುವಾಗಿ ಸೊಮ್ಯೂರ್‌ನಲ್ಲಿ ಮುಗಿಯುತ್ತವೆ. ಷಾಂಬೋರ್, ಶೆನೊನ್ಸೊ ಅರಮನೆಗಳಿಗೆ ಜನ ಬಸ್ಸಿನಲ್ಲೂ ಬರುತ್ತಾರೆ. ವಿಲಾಂದ್ರಿ–ಷಿನೊನ್ ದಾರಿಯನ್ನು ಮಾತ್ರ ಸೈಕಲ್‌ನಲ್ಲೇ ನೋಡಬೇಕು. ನದಿಯ ಏರಿ, ತೋಟ, ಕಾಡಿನಂಚು, ಕೊನೆಗೆ ನಿಜವಾದ ಒಂದು ಏರು, ಎಲ್ಲವೂ ಒಂದೇ ದಿನದಲ್ಲಿ ಸಿಗುತ್ತವೆ. ಒಂದೇ ತೊಡಕು ಗಾಳಿ. ಇಲ್ಲಿ ಹೆಚ್ಚಾಗಿ ಗಾಳಿ ಬೀಸುವುದು ಪಡುವಣದಿಂದ. ಪ್ರವಾಸಗಳು ನದಿ ಹರಿದತ್ತ, ಅಂದರೆ ಪಡುವಣಕ್ಕೇ ಹೋಗುತ್ತವೆ. ನದಿಯ ಇಳಿಜಾರು ಕಾಲಿಗೆ ಗೊತ್ತೇ ಆಗದಷ್ಟು ಕಡಿಮೆ, ಎದುರುಗಾಳಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಸ್ವಂತವಾಗಿ ಪ್ರವಾಸ ಹೂಡುವವರು ಸೊಮ್ಯೂರ್‌ನಿಂದ ಮೂಡಣಕ್ಕೆ ತುಳಿಯುವುದೇ ಜಾಣತನ.

ಬೆಳಿಗ್ಗೆ ಎಂಟೂಕಾಲಕ್ಕೆ ಸೈಕಲ್ ಹೊಂದಿಸುವ ಕೆಲಸ. ಮೊದಲನೆಯದು ಸೀಟಿನ ಎತ್ತರ. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರ ಆಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮಂಡಿ ಸ್ವಲ್ಪ ಬಾಗಿರುತ್ತದೆ, ಅದೇ ಸರಿಯಾದ ಅಳತೆ. ಕೂತಲ್ಲೇ ಎರಡೂ ಪಾದ ನೆಲಕ್ಕೆ ಪೂರ್ತಿ ತಾಗಲಿ ಎಂದು ಸೀಟು ಇಳಿಸಿಕೊಳ್ಳುವವರೇ ಹೆಚ್ಚು. ಮಂಡಿನೋವಿಗೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಸೀಟಿನ ಮೂತಿ ಮೇಲಕ್ಕೆ ಎತ್ತಿರಬಾರದು, ಮಟ್ಟವಾಗಿರಲಿ. ಪ್ಯಾಡ್ ಇರುವ ಸೈಕಲ್ ಚಡ್ಡಿಯ ಒಳಗೆ ಇನ್ನೊಂದು ಒಳಉಡುಪು ಹಾಕಬಾರದು. ಹೊಲಿಗೆ ಉಜ್ಜಿ ಚರ್ಮ ಕಿತ್ತುಬರುವುದು ಅಲ್ಲಿಯೇ.

ಎರಡನೆಯದು ಬ್ರೇಕ್. ಫ್ರಾನ್ಸಿನ ಸೈಕಲ್‌ಗಳಲ್ಲಿ ಎಡಗೈ ಬ್ರೇಕ್ ಮುಂದಿನ ಚಕ್ರದ್ದು, ಬಲಗೈಯದು ಹಿಂದಿನ ಚಕ್ರದ್ದು. ನಮ್ಮಲ್ಲಿ ಮೋಟಾರು ಬೈಕು ಓಡಿಸಿದವರ ಕೈಗೆ ಬಲಗಡೆ ಅಂದರೆ ಮುಂದಿನ ಬ್ರೇಕ್. ಗಾಬರಿಯಲ್ಲಿ ಎಡಗೈ ಬಿಗಿಯಾಗಿ ಹಿಡಿದರೆ, ಡಿಸ್ಕ್ ಬ್ರೇಕ್ ಆದ್ದರಿಂದ ಮುಂದಿನ ಚಕ್ರ ಕಚ್ಚಿಕೊಂಡು ಸವಾರ ಹ್ಯಾಂಡಲ್ ಮೇಲಿಂದ ಹಾರುತ್ತಾನೆ. ಹೊರಡುವ ಮುನ್ನ ಖಾಲಿ ಜಾಗದಲ್ಲಿ ಹತ್ತು ಸಲ ನಿಲ್ಲಿಸಿ ಹೊರಟು ಮಾಡಿದರೆ ಕೈಗೆ ಹೊಸ ಪಾಠ ಹಿಡಿಯುತ್ತದೆ. ರಸ್ತೆಯ ಬಲಗಡೆ ಹೋಗುವುದು ನೆನಪಿರುತ್ತದೆ, ಮರೆಯುವುದು ಊಟ ಮುಗಿಸಿ ಖಾಲಿ ರಸ್ತೆಗೆ ಮತ್ತೆ ಇಳಿಯುವ ಆ ಗಳಿಗೆಯಲ್ಲಿ. ಅನುಭವಿ ಗೈಡ್‌ಗಳು ಪ್ರತಿ ವಿರಾಮದ ನಂತರವೂ ‘ಬಲಕ್ಕೆ, ಬಲಕ್ಕೆ’ ಎಂದು ಕೂಗುವುದು ಇದಕ್ಕೇ.

ಟೈರಿನ ಗಾಳಿಯ ಒತ್ತಡವನ್ನೂ ನೋಡಿಕೊಳ್ಳಬೇಕು. 40 ಮಿ.ಮೀ. ಅಗಲದ ಟೈರಿಗೆ ಮೂರೂವರೆಯಿಂದ ನಾಲ್ಕು ಬಾರ್, ಅಂದರೆ 50ರಿಂದ 60 ಪಿಎಸ್‌ಐ ಸಾಕು. ಗಟ್ಟಿಯಾಗಲಿ ಎಂದು ಇನ್ನೂ ಹೊಡೆದರೆ ಜಲ್ಲಿಯ ಮೇಲೆ ಕೈ ಜುಮ್ಮೆನ್ನುತ್ತದೆ. ತೀರಾ ಕಡಿಮೆ ಇದ್ದರೆ ಕಲ್ಲಿಗೆ ಬಡಿದಾಗ ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ಕಡೆ ಸೀಳುತ್ತದೆ. ಹಾವು ಕಚ್ಚಿದಂತೆ ಜೋಡಿ ತೂತು ಕಂಡರೆ ಮುಳ್ಳು ಹುಡುಕುತ್ತಾ ಕೂರಬೇಡಿ, ಗಾಳಿ ಕಡಿಮೆಯಿತ್ತು ಎಂದೇ ಅರ್ಥ. ತೆಳು ಮೂತಿಯ ಪ್ರೆಸ್ಟಾ ವಾಲ್ವ್ ಆದರೆ ತುದಿಯ ಪುಟ್ಟ ತಿರುಪನ್ನು ಸಡಿಲಿಸಿ, ಒಮ್ಮೆ ಒತ್ತಿ ‘ಪುಸ್’ ಎನಿಸಿಯೇ ಪಂಪು ಹಚ್ಚಬೇಕು.

ವಿಲಾಂದ್ರಿ ಅರಮನೆಯ ತೋಟ ಒಂಬತ್ತಕ್ಕೆ ತೆರೆಯುತ್ತದೆ. ಸ್ಪೇನ್ ಮೂಲದ ಜೋಕಿಂ ಕಾರ್ವಾಲ್ಯೊ 1906ರಲ್ಲಿ ಈ ಅರಮನೆ ಕೊಂಡು, ಹಳೆಯ ಮಾದರಿಯ ತೋಟವನ್ನು ಮತ್ತೆ ಕಟ್ಟಿದವರು. ನೋಡಬೇಕಾದ್ದು ತರಕಾರಿ ತೋಟ. ಒಂದೇ ಅಳತೆಯ ಒಂಬತ್ತು ಚೌಕಗಳಿವೆ, ಪ್ರತಿಯೊಂದರ ವಿನ್ಯಾಸ ಬೇರೆ. ಎಲೆಕೋಸು, ಬೀಟ್ರೂಟ್, ಲೆಟ್ಯೂಸ್‌ಗಳನ್ನು ಬಣ್ಣ ನೋಡಿ ನೆಡುತ್ತಾರೆ. ವರ್ಷಕ್ಕೆ ಎರಡು ಸಲ ಇಡೀ ನಾಟಿ ಬದಲಾಗುತ್ತದೆ. ಮೊದಲು ಮೇಲಿನ ಕಟ್ಟೆಗೆ ಹತ್ತಿ ಇಡೀ ವಿನ್ಯಾಸ ನೋಡಿ, ಆಮೇಲೆ ಕೆಳಗಿಳಿದು ನಡೆಯಬೇಕು. ಒಂದೂವರೆ ಗಂಟೆ ಸಾಕು. ಅರಮನೆಯ ಒಳಗೆ ಹೋಗದಿದ್ದರೂ ನಷ್ಟವಿಲ್ಲ ಎನ್ನುವುದು ನನ್ನ ಅಭಿಪ್ರಾಯ.

ಹತ್ತೂಮುಕ್ಕಾಲಕ್ಕೆ ಸವಾರಿ ಹೊರಡುತ್ತದೆ. ಷೆರ್ ಎಂಬ ಉಪನದಿ ಈ ಆಸುಪಾಸಿನಲ್ಲೇ ಲ್ವಾರ್‌ಗೆ ಸೇರುತ್ತದೆ, ಅಲ್ಲಿಂದ ಮುಂದೆ ದಾರಿ ದೊಡ್ಡ ನದಿಯ ಎಡದಂಡೆಯ ಏರಿ ಹಿಡಿಯುತ್ತದೆ. ಪ್ರವಾಹ ತಡೆಯಲು ಶತಮಾನಗಳಿಂದ ಕಟ್ಟುತ್ತ ಎತ್ತರಿಸುತ್ತ ಬಂದ ಏರಿ ಇದು. ಒಂದು ಕಡೆ ಮರಳುದಿಬ್ಬಗಳ ನಡುವೆ ಹರಿಯುವ ನೀರು, ಇನ್ನೊಂದು ಕಡೆ ನದಿಗಿಂತ ತಗ್ಗಿನಲ್ಲಿ ಹೊಲ ಮನೆಗಳು. ನಮ್ಮ ಕೆರೆ ಏರಿಯ ಮೇಲೆ ಹೋದ ಹಾಗೆಯೇ, ಎರಡೂ ಬದಿ ಕಾಣುತ್ತದೆ, ನೆರಳು ಮಾತ್ರ ಇಲ್ಲ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು 35 ಡಿಗ್ರಿ ದಾಟುವ ದಿನಗಳಿರುತ್ತವೆ. ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ. ಮರಳು ಆಕರ್ಷಕವಾಗಿ ಕಂಡರೂ ನದಿಗೆ ಇಳಿಯಬಾರದು. ಮರಳಿನಡಿ ನೀರು ಕೊರೆದ ಗುಂಡಿಗಳು ದಿನದಿನಕ್ಕೆ ಜಾಗ ಬದಲಿಸುತ್ತವೆ.

ಗುಂಪು ಸಾಗುವ ಕ್ರಮ ಹೀಗೆ: ಮುಂದೆ ಗೈಡ್, ಎಲ್ಲರಿಗಿಂತ ಹಿಂದೆ ಹಳದಿ ಜಾಕೆಟಿನ ಇನ್ನೊಬ್ಬರು. ಚಾರಣದವರು ಇವರನ್ನೇ ಸ್ವೀಪ್ ಎನ್ನುವುದು. ತಿರುವು ಬಂದಾಗ ಗೈಡ್ ತನ್ನ ಹಿಂದಿನ ಸವಾರನನ್ನು ಅಲ್ಲಿ ನಿಲ್ಲಿಸಿ ಮುಂದೆ ಹೋಗುತ್ತಾರೆ. ನಿಂತವರು ಹಳದಿ ಜಾಕೆಟ್ ಬರುವವರೆಗೆ ಕದಲಬಾರದು. ಈ ವ್ಯವಸ್ಥೆ ಕೆಡುವುದು ಒಂದೇ ಕಾರಣಕ್ಕೆ. ಯಾರೋ ಬಂದು ‘ನಾವೇ ಕೊನೆ, ಹೋಗೋಣ ಬನ್ನಿ’ ಅನ್ನುತ್ತಾರೆ, ನಿಂತವರು ಹೊರಟುಬಿಡುತ್ತಾರೆ. ಫೋಟೊ ತೆಗೆಯಲು ಹಿಂದೆ ಉಳಿದಿದ್ದ ಇಬ್ಬರು ಅಲ್ಲಿ ನೇರ ಹೋಗಿ ಬೇರೆ ಊರು ಸೇರುತ್ತಾರೆ. ಬಿಳಿ ಫಲಕದ ಮೇಲೆ ಹಸಿರು ಅಕ್ಷರದ ಸೈಕಲ್ ಗುರುತುಗಳು ದಾರಿಯುದ್ದಕ್ಕೂ ಇವೆ, ಆದರೆ ಮಾತಿನ ಭರದಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ.

ಇಬ್ಬರು ಜೊತೆಜೊತೆಯಾಗಿ ಹೋಗಲು ಕಾನೂನು ಬಿಡುತ್ತದೆ, ಹಿಂದಿನಿಂದ ವಾಹನ ದಾಟಲು ಬಂದರೆ ಒಂದೇ ಸಾಲಾಗಬೇಕು. ಕಾರಿನವರು ಊರಾಚೆ ಒಂದೂವರೆ ಮೀಟರ್ ಅಂತರ ಬಿಟ್ಟೇ ದಾಟಬೇಕು. ಅದಕ್ಕಾಗಿ ಅವರು ತಾಳ್ಮೆಯಿಂದ ಹಿಂದೆಯೇ ಬರುತ್ತಿರುತ್ತಾರೆ, ಹಾರ್ನ್ ಮಾಡುವುದಿಲ್ಲ. ಹಾಗಾಗಿ ಹಿಂತಿರುಗಿ ನೋಡುವ ಅಭ್ಯಾಸ ನಿಮಗೇ ಇರಬೇಕು. ಕಿವಿಗೆ ಇಯರ್‌ಫೋನ್ ಹಾಕಿ ತುಳಿಯುವುದು 2015ರಿಂದ ನಿಷಿದ್ಧ. ನಮ್ಮವರು ಎಡವುವ ಇನ್ನೊಂದು ನಿಯಮ ಬಲಗಡೆಯವರಿಗೆ ಆದ್ಯತೆ. ಹಳ್ಳಿಯೊಳಗೆ ಯಾವ ಫಲಕವೂ ಗೆರೆಯೂ ಇಲ್ಲದ ಕೂಡುದಾರಿಯಲ್ಲಿ, ಬಲಗಡೆಯ ಸಂದಿಯಿಂದ ಬರುವ ಕಾರು ನಿಲ್ಲಬೇಕಾಗಿಲ್ಲ, ದೊಡ್ಡ ರಸ್ತೆಯಲ್ಲಿರುವ ನಾವೇ ನಿಲ್ಲಬೇಕು.

ಹದಿನೈದು ಕಿ.ಮೀ. ಆಸುಪಾಸಿಗೆ ಬ್ರೆಯೆಮೊಂ. ಒಂದು ಕಾಲದಲ್ಲಿ ಸೆಣಬಿನಂಥ ಹೆಂಪ್ ನಾರಿನ ಬೆಳೆಗೆ ಹೆಸರಾದ ನದಿಬಂದರು, ಅದನ್ನು ಒಣಗಿಸುತ್ತಿದ್ದ ಕಲ್ಲಿನ ಒಲೆಗಳು ಈಗಲೂ ಕಾಣಸಿಗುತ್ತವೆ. ಇಲ್ಲಿಗೆ ಹನ್ನೆರಡು, ಹನ್ನೆರಡೂಕಾಲಕ್ಕೆ ತಲುಪುವಂತೆ ಬೆಳಗಿನ ಲೆಕ್ಕವೆಲ್ಲ ಹಾಕಿರುತ್ತಾರೆ. ಹಳ್ಳಿಯ ಹೋಟೆಲುಗಳಲ್ಲಿ ಊಟ ಹನ್ನೆರಡರಿಂದ ಒಂದೂವರೆ, ಹೆಚ್ಚೆಂದರೆ ಎರಡು. ಆಮೇಲೆ ಎಷ್ಟು ಬೇಡಿಕೊಂಡರೂ ಕಾಫಿಯಷ್ಟೇ. ಬೇಕರಿ ಮಧ್ಯಾಹ್ನ ಮುಚ್ಚುತ್ತದೆ, ವಾರಕ್ಕೊಂದು ದಿನ, ಅನೇಕ ಕಡೆ ಸೋಮವಾರ, ತೆರೆಯುವುದೇ ಇಲ್ಲ. ಭಾನುವಾರ ಮಧ್ಯಾಹ್ನದ ಮೇಲೆ ಹಳ್ಳಿ ಪೂರ್ತಿ ನಿಶ್ಶಬ್ದ. ಅಂಗಡಿಗೆ ಕಾಲಿಟ್ಟೊಡನೆ ‘ಬೊಂಜೂರ್’ ಅನ್ನಬೇಕು. ಅದನ್ನು ಬಿಟ್ಟು ನೇರ ಬೆಲೆ ಕೇಳಿದರೆ ಒರಟುತನ ಎಂದೇ ಲೆಕ್ಕ.

ಸಸ್ಯಾಹಾರಿಗಳು ಇಲ್ಲಿ ಸ್ವಲ್ಪ ಹುಷಾರಾಗಿರಬೇಕು. ‘ವೆಜಿಟೇರಿಯನ್’ ಎಂದರೆ ಮೀನು ತಿನ್ನಬಹುದು ಎಂದುಕೊಳ್ಳುವವರು ಇನ್ನೂ ಇದ್ದಾರೆ. ‘ಸಾಂ ವಿಯಾಂದ್, ಸಾಂ ಪ್ವಾಸೋಂ’, ಮಾಂಸ ಬೇಡ, ಮೀನು ಬೇಡ ಎಂದು ಬಿಡಿಸಿ ಹೇಳುವುದೇ ಒಳ್ಳೆಯದು. ಹಸಿರು ಸಲಾಡ್ ಎಂದು ತರಿಸಿದ್ದರಲ್ಲೂ ಲಾರ್ದೋಂ ಎಂಬ ಹಂದಿಮಾಂಸದ ಚೂರು ಉದುರಿಸಿರುತ್ತಾರೆ, ಕೀಶ್ ಎಂಬ ಮೊಟ್ಟೆ-ಕೆನೆಯ ಖಾರದ ತಿನಿಸಿನಲ್ಲೂ ಅದೇ. ತರಕಾರಿ ಸೂಪಿನ ಬುಡದಲ್ಲಿ ಕೋಳಿಯ ರಸ ಇರಬಹುದು. ನಂಬಬಹುದಾದ ಆಯ್ಕೆ ಬಕ್‌ವೀಟ್ ಹಿಟ್ಟಿನ ಗಲೆಟ್, ದೋಸೆಯಷ್ಟೇ ತೆಳು. ಅದನ್ನು ‘ಕಂಪ್ಲೀಟ್’ ಎಂದು ಕೇಳಿದರೆ ಹ್ಯಾಮ್ ಸೇರಿಸಿ ಕೊಡುತ್ತಾರೆ, ಆದ್ದರಿಂದ ಅಣಬೆ, ಚೀಸ್ ಎಂದು ಬಿಡಿಯಾಗಿ ಹೇಳಿ. ಈ ಸೀಮೆಯ ಹೆಮ್ಮೆ ಸಾಂತ್ ಮೋರ್ ದ ತೂರೆನ್ ಎಂಬ ಮೇಕೆ ಹಾಲಿನ ಚೀಸ್, ಮಧ್ಯದಲ್ಲಿ ಹುಲ್ಲಿನ ಕಡ್ಡಿ ತೂರಿಸಿದ ಉದ್ದನೆಯ ಉರುಳೆ. ಆದರೆ ಇಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಹೆಪ್ಪುಗಟ್ಟಿಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದುಂಟು. ಕಟ್ಟುನಿಟ್ಟಿನವರು ತಿಳಿದುಕೊಂಡೇ ತಿನ್ನಲಿ. ವೈನ್ ವಿಷಯದಲ್ಲಿ ಒಂದೇ ಮಾತು: ರಕ್ತದಲ್ಲಿ ಲೀಟರಿಗೆ ಅರ್ಧ ಗ್ರಾಂ ಎಂಬ ಮಿತಿ ಸೈಕಲ್ ಸವಾರರಿಗೂ ಅನ್ವಯಿಸುತ್ತದೆ.

ನೀರು ತುಂಬಿಸಲು ಅಂಗಡಿ ಹುಡುಕಬೇಕಾಗಿಲ್ಲ. ಊರ ಸ್ಮಶಾನದ ಗೇಟಿನೊಳಗೆ ಹೂಗಿಡಗಳಿಗಾಗಿ ನಲ್ಲಿ ಇರುತ್ತದೆ, ಸೈಕಲ್‌ನವರೆಲ್ಲ ಬಲ್ಲ ಗುಟ್ಟು ಇದು. ‘ನೋಂ ಪೊತಾಬ್ಲ್’ ಎಂದು ಬರೆದಿದ್ದರೆ ಮಾತ್ರ ಕುಡಿಯಬಾರದು.

ಊಟದ ನಂತರದ ಹತ್ತು ಕಿ.ಮೀ. ದಿನದ ಕಷ್ಟದ ಭಾಗ. ಹೊಟ್ಟೆ ತುಂಬಿರುತ್ತದೆ, ಎದುರುಗಾಳಿ ಜೋರಾಗಿರುತ್ತದೆ, ಕೆಲವೆಡೆ ಡಾಂಬರು ಹೋಗಿ ಅದುಮಿದ ಮಣ್ಣುಜಲ್ಲಿ ಬರುತ್ತದೆ. ಸಡಿಲ ಜಲ್ಲಿಯಲ್ಲಿ ಹ್ಯಾಂಡಲ್ ತಿರುಗಿಸುತ್ತಲೇ ಬ್ರೇಕ್ ಹಿಡಿಯಬಾರದು, ನೇರ ಇರುವಾಗಲೇ ವೇಗ ಇಳಿಸಿಕೊಳ್ಳಬೇಕು. ಮಳೆ ಬಂದರೆ ಈ ಮರಳು ಚೈನಿಗೆ ಮೆತ್ತಿ ಗರಗರ ಎನ್ನುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೊರಗೆ ಉಳಿದದ್ದನ್ನು ಮತ್ತೆ ಒರೆಸಬೇಕು. ಮಳೆಕೋಟು ಸಾಮಾನಿನ ವ್ಯಾನಿನಲ್ಲಿ ಇಟ್ಟರೆ ಉಪಯೋಗವಿಲ್ಲ. ವ್ಯಾನು ಏರಿಯ ದಾರಿಗೆ ಬರುವಂತಿಲ್ಲ, ಗೊತ್ತುಮಾಡಿದ ಕೂಡುರಸ್ತೆಗಳಲ್ಲಿ ಮಾತ್ರ ಸಿಗುತ್ತದೆ. ಕೋಟು, ನೀರು, ಔಷಧಿ, ಪಾಸ್‌ಪೋರ್ಟಿನ ಪ್ರತಿ ನಿಮ್ಮ ಸೈಕಲ್ ಚೀಲದಲ್ಲೇ ಇರಲಿ.

ಆಂದ್ರ್ ನದಿ ದಾಟಿದರೆ ಕಾಡಿನ ಅಂಚಿಗೆ ಒರಗಿದ ಯುಸ್ಸೆ ಅರಮನೆ. ನಿದ್ದೆ ಹೋದ ರಾಜಕುಮಾರಿಯ ಕಥೆಗೆ ಇದೇ ಪ್ರೇರಣೆ ಎಂದು ಅವರ ಪ್ರಚಾರ. ಹೊರಗಿನಿಂದ, ಅದೂ ಸೇತುವೆಯ ಕಡೆಯಿಂದ ನೋಡುವುದೇ ಚೆನ್ನ. ಸಮಯ ಉಳಿದರೆ ಹತ್ತಿರದ ರಿವಾರೆನ್‌ನಲ್ಲಿ ಒಲೆಯಲ್ಲಿ ಒಣಗಿಸಿ, ತಟ್ಟಿ ಚಪ್ಪಟೆ ಮಾಡಿದ ಪೇರ್ ಹಣ್ಣು ಸಿಗುತ್ತದೆ. ಜೇಬಿನಲ್ಲಿಟ್ಟು ತಿನ್ನಲು ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಇಲ್ಲಿಂದ ಷಿನೊನ್‌ಗೆ ಹದಿನೈದು ಕಿ.ಮೀ.ನಷ್ಟು. ದಾರಿ ನದಿ ಬಿಟ್ಟು ದಿಬ್ಬ ಹತ್ತುತ್ತದೆ. ದೂರದಲ್ಲಿ ಆವಿ ಎದ್ದರೆ ಅದು ಆವ್ವಾನ್ ಊರಿನ ಅಣುವಿದ್ಯುತ್ ಸ್ಥಾವರ. ಅರಮನೆಗಳ ಪೋಸ್ಟ್‌ಕಾರ್ಡಿನಲ್ಲಿ ಇದು ಇರುವುದಿಲ್ಲ. ಏರಿನಲ್ಲಿ ತಪ್ಪಾಗುವುದು ಗೇರಿನಿಂದ. ಚಕ್ರ ಇನ್ನೇನು ನಿಲ್ಲುತ್ತದೆ ಎನ್ನುವಾಗ ಭಾರ ಹಾಕಿ ತುಳಿಯುತ್ತಲೇ ಗೇರ್ ಬದಲಿಸಿದರೆ ಚೈನು ಹಲ್ಲು ಜಾರುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ. ಏರು ಕಂಡಾಗಲೇ, ಕಾಲು ಹಗುರ ಇರುವಾಗಲೇ ಇಳಿಸಿಕೊಳ್ಳಬೇಕು. ಎಲೆಕ್ಟ್ರಿಕ್ ಸೈಕಲ್‌ನವರಿಗೆ ಇದು ಇನ್ನೂ ಮುಖ್ಯ. ಅದರ ತೂಕ 25 ಕಿಲೋ ಹತ್ತಿರ, ತಪ್ಪು ಗೇರಿನಲ್ಲಿ ಏರಿನ ನಡುವೆ ನಿಂತರೆ ಮತ್ತೆ ಹೊರಡಿಸುವುದು ಕಷ್ಟ. ಮೋಟಾರಿನ ನೆರವು ಗಂಟೆಗೆ 25 ಕಿ.ಮೀ.ಗೆ ನಿಲ್ಲುತ್ತದೆ. ಇಡೀ ದಿನ ಎದುರುಗಾಳಿಗೆ ಹೆದರಿ ‘ಟರ್ಬೊ’ದಲ್ಲಿ ಓಡಿಸಿದವರ ಬ್ಯಾಟರಿ ಈ ದಿಬ್ಬದ ಹೊತ್ತಿಗೆ ಮುಗಿದಿರುತ್ತದೆ. ಏರಿಯ ಮೇಲೆ ‘ಇಕೊ’, ಇಲ್ಲಿ ಮಾತ್ರ ಹೆಚ್ಚಿನ ನೆರವು, ಹೀಗೆ ಹಂಚಿಕೊಂಡರೆ 500 ವಾಟ್ ಅವರ್‌ನ ಬ್ಯಾಟರಿ ದಿನಕ್ಕೆ ಧಾರಾಳ.

ಇಳಿದರೆ ಷಿನೊನ್: ವಿಯೆನ್ ನದಿ, ಅದರ ಮೇಲೆ ಬಿಳಿ ಸುಣ್ಣಕಲ್ಲಿನ ಕೋಟೆ. ಜೋನ್ ಆಫ್ ಆರ್ಕ್ 1429ರಲ್ಲಿ ಏಳನೆಯ ಚಾರ್ಲ್ಸ್‌ನನ್ನು ಕಂಡದ್ದು ಇಲ್ಲಿಯೇ. ಹಳೇ ಊರಿನ ಕಲ್ಲುಹಾಸು ಒದ್ದೆಯಾದಾಗ ಜಾರುತ್ತದೆ, ಇಳಿದು ತಳ್ಳಿಕೊಂಡು ಹೋಗಿ. ‘ಆಕ್ಯೆಯ್ ವೆಲೊ’ ಫಲಕ ಇರುವ ವಸತಿಗಳಲ್ಲಿ ಬೀಗ ಹಾಕಿದ ಸೈಕಲ್ ಕೋಣೆ, ರಿಪೇರಿ ಸಾಮಾನು ಇರುತ್ತವೆ. ಬ್ಯಾಟರಿ ಬಿಚ್ಚಿ ರಾತ್ರಿಯೇ ಚಾರ್ಜಿಗೆ ಹಾಕಿ, ಪೂರ್ತಿ ತುಂಬಲು ನಾಲ್ಕೈದು ಗಂಟೆ ಹಿಡಿಯುತ್ತದೆ. ರಾತ್ರಿ ಊಟದ ಅಡುಗೆಮನೆ ಏಳು, ಏಳೂವರೆಗಿಂತ ಮುಂಚೆ ಶುರುವಾಗುವುದಿಲ್ಲ, ಜೂನ್‌ನಲ್ಲಿ ಬೆಳಕು ಒಂಬತ್ತೂವರೆವರೆಗೂ ಇರುತ್ತದೆ. ಮಾರನೆಯ ದಿನ ತುಳಿಯಲಾರದವರಿಗೆ ಷಿನೊನ್‌ನಿಂದ ಟೂರ್ ನಗರಕ್ಕೆ ಪ್ರಾದೇಶಿಕ ರೈಲಿದೆ, ಮುಕ್ಕಾಲು ಗಂಟೆಯ ಆಸುಪಾಸಿನ ದಾರಿ, ಸೈಕಲ್ ಹತ್ತಿಸಬಹುದು. ದಿನಕ್ಕೆ ಕೆಲವೇ ಗಾಡಿಗಳು, ವೇಳೆಯನ್ನು ರಾತ್ರಿಯೇ ನೋಡಿಟ್ಟುಕೊಳ್ಳಿ.