ಸೆಕೆಯಲ್ಲಿ ಹುಟ್ಟಿದ ಕ್ರಿಸ್‌ಮಸ್ ಹಾಡು

ಇಂಗ್ಲೆಂಡಿನಲ್ಲಿ ಡಿಸೆಂಬರ್ ಬಂತೆಂದರೆ ಸೂಪರ್ ಮಾರ್ಕೆಟ್ಟಿಗೆ ಹೋಗಿ, ಕಟಿಂಗ್ ಶಾಪಿಗೆ ಹೋಗಿ, ಸ್ಲೇಡ್ ಎಂಬ ರಾಕ್ ತಂಡದ ‘ಮೆರಿ ಕ್ರಿಸ್‌ಮಸ್ ಎವ್ರಿಬಡಿ’ ಹಾಡು ಕಿವಿಗೆ ಬಿದ್ದೇ ಬೀಳುತ್ತದೆ. ಅದರ ಹಿಂದಿನ ಕಥೆ ನನಗೆ ಗೊತ್ತಾಗಿದ್ದು ವುಲ್ವರ್‌ಹ್ಯಾಂಪ್ಟನ್‌ನ ಪಬ್ ಒಂದರಲ್ಲಿ, ಆಫೀಸಿನ ಕ್ರಿಸ್‌ಮಸ್ ಊಟದ ದಿನ.

ಹಾಡು ಶುರುವಾದದ್ದೇ ತಡ, ಯಾವಾಗಲೂ ಸುಮ್ಮನಿರುವ ನಮ್ಮ ಹಿರಿಯ ಸಹೋದ್ಯೋಗಿ ಎದ್ದು ನಿಂತು ಕೊನೆಯ ಸಾಲಿನವರೆಗೂ ಹಾಡಿದರು. “ಇವರು ನಮ್ಮೂರ ಹುಡುಗರು” ಅಂದರು. ಆ ಸುತ್ತಲಿನವರೇ. ಮಿನುಗುವ ಬಟ್ಟೆ, ದಪ್ಪ ಅಟ್ಟೆಯ ಬೂಟು, ಗಾಯಕ ನಾಡಿ ಹೋಲ್ಡರ್ ತಲೆಯ ಮೇಲೆ ಕನ್ನಡಿ ಅಂಟಿಸಿದ ಟೋಪಿ. ಗ್ಲಾಮ್ ರಾಕ್ ಅಂದರೆ ಅದೇ ಅಲ್ವಾ!

ಬೇಸ್ ಗಿಟಾರ್ ನುಡಿಸುತ್ತಿದ್ದ ಜಿಮ್ ಲೀ ಅವರನ್ನು ಅವರ ಅತ್ತೆ ಕೆಣಕಿದ್ದರಂತೆ, ವರ್ಷವರ್ಷವೂ ಹಾಕುವಂಥ ಒಂದು ಕ್ರಿಸ್‌ಮಸ್ ಹಾಡು ನೀವ್ಯಾಕೆ ಮಾಡಬಾರದು ಅಂತ. ಲೀಗೆ ಸ್ನಾನ ಮಾಡುವಾಗ ಒಂದು ಧಾಟಿ ಹೊಳೆಯಿತು. ಪಲ್ಲವಿಗೆ, 1967ರಲ್ಲಿ ಹೋಲ್ಡರ್ ಮಾಡಿ ಮೂಲೆಗಿಟ್ಟಿದ್ದ ಹಾಡಿನ ರಾಗ ಸಿಕ್ಕಿತು. ಒಂದು ರಾತ್ರಿ ಪಬ್‌ನಿಂದ ವಾಲ್ಸಾಲ್‌ನ ಅಪ್ಪ-ಅಮ್ಮನ ಮನೆಗೆ ಬಂದ ಹೋಲ್ಡರ್ ಸಾಹಿತ್ಯ ಬರೆದರು. ರೆಕಾರ್ಡಿಂಗ್ ಆಗಿದ್ದು 1973ರ ಬೇಸಿಗೆಯಲ್ಲಿ, ಸೆಕೆಯ ನ್ಯೂಯಾರ್ಕ್‌ನಲ್ಲಿ! ದನಿ ಚೆನ್ನಾಗಿ ಗುಂಯ್‌ಗುಡಲಿ ಅಂತ ಕಟ್ಟಡದ ಕಾರಿಡಾರಿನಲ್ಲಿ ನಿಂತು ಪಲ್ಲವಿ ಹಾಡಿದರಂತೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಡ್ರಮ್ಮರ್ ಡಾನ್ ಪವೆಲ್ ಅವರ ಸಂಗತಿ. ಅದೇ ವರ್ಷದ ಜುಲೈನಲ್ಲಿ, ರೆಕಾರ್ಡಿಂಗ್‌ಗೆ ಮೊದಲು, ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಅವರ ಕಾರು ಅಪಘಾತಕ್ಕೀಡಾಗಿ, ಜೊತೆಗಿದ್ದ ಗೆಳತಿ ತೀರಿಕೊಂಡರು. ಡಾನ್‌ಗೆ ದಿನಗಟ್ಟಲೆ ಪ್ರಜ್ಞೆ ಇರಲಿಲ್ಲ. ಬದುಕಿ ಬಂದರು, ಆದರೆ ರುಚಿ, ವಾಸನೆ ಹೋಗಿತ್ತು, ನೆನಪು ಕೈಕೊಡುತ್ತಿತ್ತು. ಕೈಗೆ ತಾಳ ಮರೆತಿರಲಿಲ್ಲ, ಯಾವ ಹಾಡು ಹೇಗೆ ಶುರುವಾಗುತ್ತದೆ ಅನ್ನೋದೇ ಮರೆತುಹೋಗುತ್ತಿತ್ತು. ಗೆಳೆಯರು ನೆನಪಿಸಿ ನುಡಿಸುತ್ತಿದ್ದರು. ಬೇರೆಯವರನ್ನು ಕಾಯಂ ಆಗಿ ಕೂರಿಸಿಕೊಂಡು ಮುಂದೆ ಹೋಗಬಹುದಿತ್ತು. ಹೋಗಲಿಲ್ಲ. ಇದನ್ನು ಕೇಳಿದ ಮೇಲೆ ಆ ತಂಡದ ಮೇಲೆ ನನಗೆ ತುಂಬಾ ಗೌರವ ಬಂತು. ಆ ಡ್ರಮ್‌ನ ಹೊಡೆತ ಎಷ್ಟು ಗಟ್ಟಿಯಾಗಿದೆ ಅಂತ ಒಮ್ಮೆ ಕೇಳಿ ನೋಡಿ.

ಹಾಡು ಬಂದ ಡಿಸೆಂಬರ್ ಬ್ರಿಟನ್ನಿಗೆ ಕಷ್ಟದ ತಿಂಗಳು. ಕಲ್ಲಿದ್ದಲು ಸಾಲದು, ಎಣ್ಣೆ ದುಬಾರಿ. ಟಿವಿ ರಾತ್ರಿ ಹತ್ತೂವರೆಗೇ ಬಂದ್. ಹೊಸ ವರ್ಷದಿಂದ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟ್ ಅಂತ ಪ್ರಧಾನಿ ಹೀತ್ ಹೇಳಿಬಿಟ್ಟರು. ನಮ್ಮ ಸಹೋದ್ಯೋಗಿ ಆಗ ಪುಟ್ಟ ಹುಡುಗ, ಅಪ್ಪ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಇಂಥ ಹೊತ್ತಿನಲ್ಲಿ ಹಾಡು ಮಾರಾಟದ ಪಟ್ಟಿಯಲ್ಲಿ ನೇರವಾಗಿ ಮೊದಲ ಸ್ಥಾನಕ್ಕೇ ಬಂದು, ಐದು ವಾರ ಅಲ್ಲೇ ಕೂತಿತು. ಹಬ್ಬ ಮುಗಿದರೂ ಜನ ಕೊಳ್ಳುತ್ತಲೇ ಇದ್ದರು. ನಮ್ಮ ಸಹೋದ್ಯೋಗಿಯ ಅಮ್ಮ ರೆಕಾರ್ಡ್ ತಂದಿದ್ದೂ ಜನವರಿಯಲ್ಲೇ, ವಾರಕ್ಕೆ ಮೂರೇ ದಿನದ ಕೆಲಸದ ಸಂಬಳದಲ್ಲಿ.