ಚೀಟಿಯಲ್ಲಿ ಬಿ.ಡಿ., ಅಜ್ಜಿಯ ಕಿವಿಗೆ ‘ಬಿಡಿ’

ಅಜ್ಜಿ ಪ್ಲಾಸ್ಟಿಕ್ ತೊಟ್ಟೆಯ ಗಂಟು ಬಿಚ್ಚಿ ಒಳಗಿದ್ದದ್ದನ್ನೆಲ್ಲ ಮೇಜಿನ ಮೇಲೆ ಸುರಿದರು. ಮೆಟ್‌ಫಾರ್ಮಿನ್ ಗುಳಿಗೆಯ ಮೂರು ಸ್ಟ್ರಿಪ್‌ಗಳು, 15 ದಿನಗಳ ಹಿಂದೆ ಕೊಟ್ಟದ್ದು ಕೊಟ್ಟ ಹಾಗೆಯೇ ಇದ್ದವು. 30ರಲ್ಲಿ ಒಂದೂ ಖರ್ಚಾಗಿರಲಿಲ್ಲ. ಅದೇ ದಿನ ಕೊಟ್ಟಿದ್ದ ರಕ್ತದೊತ್ತಡದ ಗುಳಿಗೆಗಳು ಮಾತ್ರ ಲೆಕ್ಕಕ್ಕೆ ಸರಿಯಾಗಿ ಮುಗಿದಿದ್ದವು. ಅವರು ತಂದಿದ್ದ ಲ್ಯಾಬಿನ ಚೀಟಿಯಲ್ಲಿ ಸಕ್ಕರೆಯ ಅಂಕಿ 300 ದಾಟಿತ್ತು.

“ಸಕ್ಕರೆಯ ಮದ್ದು ಯಾಕೆ ತೆಗೆದುಕೊಳ್ಳಲಿಲ್ಲ ಅಜ್ಜಿ?”

“ನಿಮ್ಮ ಹುಡುಗನೇ ಹೇಳಿದ್ದಲ್ಲವೇ, ಇದು ಬಿಡಿ ಎಂದು? ಸ್ವಲ್ಪ ದಿನ ಬಿಟ್ಟು ಆಮೇಲೆ ಶುರು ಮಾಡುವುದೇನೋ ಎಂದುಕೊಂಡೆ.”

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಒಂದು ಮೆಡಿಕಲ್ ಅಂಗಡಿಯಲ್ಲಿ ಫಾರ್ಮಸಿಸ್ಟ್. ಆಗ ಹೊಸದಾಗಿ ಸೇರಿದ್ದ ಸಹಾಯಕ ಹುಡುಗ ನೀಲೇಶ್ವರದ ಕಡೆಯವನು, ಮನೆಮಾತು ಮಲಯಾಳ, ಕನ್ನಡ ಕಲಿಯುತ್ತಿದ್ದ. ಡಾಕ್ಟರರ ಚೀಟಿಯಲ್ಲಿ ಇದ್ದದ್ದನ್ನು ಓದಿ ಆತ ಹೇಳಿದ್ದು ಇಷ್ಟೇ: “ಇದು ಓ.ಡಿ., ಇದು ಬಿ.ಡಿ.” ಮಲಯಾಳಿಗಳು ಕನ್ನಡ ಮಾತನಾಡುವಾಗ ವಿಭಕ್ತಿ ಬಿದ್ದುಹೋಗುವುದು ನಮ್ಮೂರಿನವರಿಗೆ ಹೊಸದಲ್ಲ. ಅಜ್ಜಿ ಅದನ್ನು ಮನಸ್ಸಿನಲ್ಲೇ ತಿದ್ದಿಕೊಂಡು ‘ಇದನ್ನು ಬಿಡಿ’ ಎಂದು ಅರ್ಥಮಾಡಿಕೊಂಡರು. ಹೇಳಿದ್ದನ್ನು ಚಾಚೂ ತಪ್ಪದೆ ಪಾಲಿಸಿದರು. ಅಜ್ಜಿಯದು ತಪ್ಪೆಂದು ನಾನು ಒಪ್ಪುವುದಿಲ್ಲ. ಹುಡುಗನನ್ನೂ ನಾನು ಬೈಯಲಿಲ್ಲ. ಕವರಿನ ಮೇಲೆ ಇಂಗ್ಲಿಷಿನಲ್ಲಿ ಆ ಎರಡು ಅಕ್ಷರ ಬರೆದವನು ನಾನೇ.

ಈ ಅಕ್ಷರಗಳು ಲ್ಯಾಟಿನ್ ಭಾಷೆಯಿಂದ ಬಂದವು. ‘ಬಿಸ್ ಡಿಯೆ’ ಎಂದರೆ ದಿನಕ್ಕೆ ಎರಡು ಸಲ, ಅದರ ಮೊದಲಕ್ಷರಗಳೇ ಬಿ.ಡಿ. ಒಂದು ಸಲಕ್ಕೆ ಓ.ಡಿ., ಮೂರು ಸಲಕ್ಕೆ ಟಿ.ಡಿ.ಎಸ್., ಮಲಗುವ ಹೊತ್ತಿಗೆ ಎಚ್.ಎಸ್., ಬೇಕಾದಾಗ ಮಾತ್ರ ಎನ್ನಲು ಎಸ್.ಓ.ಎಸ್. ಡಾಕ್ಟರರಿಂದ ಫಾರ್ಮಸಿಸ್ಟಿನವರೆಗೆ ಇವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ನಾವಿಬ್ಬರೂ ಅದನ್ನು ಓದಿಯೇ ಬಂದವರು. ಮೇಜಿನ ಆಚೆ ನಿಂತವರಿಗೆ ಆ ಪಾಠ ಯಾರೂ ಮಾಡಿಲ್ಲ. ಹಾಗಾಗಿ ಅವರು ತಮಗೆ ಗೊತ್ತಿರುವ ಅರ್ಥವನ್ನೇ ಹಚ್ಚುತ್ತಾರೆ.

ಅಡಿಕೆ ವ್ಯಾಪಾರಿಯೊಬ್ಬರು ಕವರ್ ತಿರುಗಿಸಿ ನೋಡಿ, “ಮದ್ದಿಗೂ ಟಿ.ಡಿ.ಎಸ್. ಹಿಡಿಯುತ್ತೀರಾ?” ಎಂದು ನಿಜವಾಗಿಯೂ ಬೇಸರದಿಂದ ಕೇಳಿದ್ದರು. ಅವರ ಮಟ್ಟಿಗೆ ಅದು ಮೂಲದಲ್ಲೇ ಕಡಿತವಾಗುವ ತೆರಿಗೆ. ನಿವೃತ್ತ ಅಧ್ಯಾಪಿಕೆಯೊಬ್ಬರಿಗೆ ಎಚ್.ಎಸ್. ಎಂದರೆ ಹೈಸ್ಕೂಲ್. ಎಲ್.ಪಿ., ಯು.ಪಿ., ಎಚ್.ಎಸ್. ಎಂದೇ ಶಾಲೆಗಳನ್ನು ಗುರುತಿಸುವ ಕೇರಳದಲ್ಲಿ ಅದು ಸಹಜ. ಧೂಮಪಾನ ನಿಲ್ಲಿಸಲು ಒದ್ದಾಡುತ್ತಿದ್ದ ಅಣ್ಣನೊಬ್ಬರು, “ಡಾಕ್ಟರು ಬೀಡಿ ಬೇಡ ಎಂದರು, ನೀವು ಬೀಡಿ ಎಂದು ಓದುತ್ತಿದ್ದೀರಲ್ಲ” ಎಂದರು. ಓ.ಡಿ. ಎಂದರೆ ‘ಓಡಿ’ ಎಂದು ಕೇಳಿಸಿಕೊಂಡವರು ಒಬ್ಬಿಬ್ಬರಲ್ಲ. ಇವನ್ನೆಲ್ಲ ಕೇಳಿ ಅಂಗಡಿಯಲ್ಲಿ ನಗು ಏಳುತ್ತಿತ್ತು, ನಾನೂ ನಗುತ್ತಿದ್ದೆ. ಅಜ್ಜಿಯ ತೊಟ್ಟೆ ಮೇಜಿನ ಮೇಲೆ ಬಿಚ್ಚಿಕೊಂಡ ದಿನದಿಂದ ಆ ನಗು ನನಗೆ ಬರುತ್ತಿಲ್ಲ.

ಸಂಕ್ಷಿಪ್ತ ಹೆಸರಿನ ಗೊಂದಲ ಗಡಿನಾಡಿನವರಿಗೆ ಹೊಸದೂ ಅಲ್ಲ. ಕಾಸರಗೋಡು–ಮಂಗಳೂರು ದಾರಿಯಲ್ಲಿ ಎರಡು ರಾಜ್ಯಗಳ ಬಸ್ಸುಗಳೂ ಕೆಎಸ್‌ಆರ್‌ಟಿಸಿಯೇ. ಕೇರಳದ ನಿಗಮಕ್ಕೆ ಆ ಹೆಸರು 1965ರಿಂದ, ಕರ್ನಾಟಕದ ನಿಗಮಕ್ಕೆ 1973ರಿಂದ. ಆ ಐದು ಅಕ್ಷರ ಯಾರದು ಎಂಬ ವ್ಯಾಜ್ಯ ಮದ್ರಾಸ್ ಹೈಕೋರ್ಟಿನವರೆಗೆ ಹೋಗಿ, 2023ರ ಡಿಸೆಂಬರಿನಲ್ಲಿ ಕೇರಳದ ಅರ್ಜಿ ವಜಾ ಆಯಿತು. ಆದರೆ ಬಸ್ಸಾದರೆ ಕಂಡಕ್ಟರನ್ನು ಕೇಳಬಹುದು. ರಾತ್ರಿ ಒಂಬತ್ತು ಗಂಟೆಗೆ ಗುಳಿಗೆ ಕೈಯಲ್ಲಿ ಹಿಡಿದು ಕುಳಿತ ಅಜ್ಜಿ ಯಾರನ್ನು ಕೇಳಬೇಕು?

ಓದು ಬಲ್ಲ ನಮ್ಮನ್ನೂ ಈ ಅಕ್ಷರಗಳು ಬಿಡುವುದಿಲ್ಲ. ಕಣ್ಣಿನ ಡಾಕ್ಟರರ ಚೀಟಿಯಲ್ಲಿ ಓ.ಡಿ. ಎಂದರೆ ಬಲಗಣ್ಣು, ಬೇರೆಯವರ ಚೀಟಿಯಲ್ಲಿ ದಿನಕ್ಕೊಮ್ಮೆ. ಹನಿಮದ್ದಿನ ಮುಂದೆ ಬರೀ ಓ.ಡಿ. ಎಂದಿದ್ದರೆ ನಾನು ಚೀಟಿ ಬರೆದ ಮಂಗಳೂರಿನ ಡಾಕ್ಟರರಿಗೆ ಫೋನ್ ಮಾಡದೆ ಕೊಡುವುದಿಲ್ಲ. ಇನ್ಸುಲಿನ್ ಇದಕ್ಕಿಂತ ಭಯದ್ದು. ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ ಯು ಅಕ್ಷರವೊಂದನ್ನೇ ಅವಸರದಲ್ಲಿ ಗೀಚಿದರೆ ಅದು ಸೊನ್ನೆಯಂತೆ ಕಾಣುತ್ತದೆ, 6 ಯೂನಿಟ್ 60 ಆಗುತ್ತದೆ. ಒಂದು ಸಂಜೆ ನಾನೇ ಹಾಗೆ 60 ಎಂದು ಓದಿದೆ. ಆ ರೋಗಿಯ ಹಳೆಯ ಚೀಟಿಗಳು ಕೈಯಲ್ಲಿದ್ದುದರಿಂದ ತಪ್ಪು ಆ ಕ್ಷಣವೇ ಸಿಕ್ಕಿತು. ಸಾಲದ್ದಕ್ಕೆ ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುವ ಇನ್ಸುಲಿನ್ನೂ 100 ಯೂನಿಟ್ ಇರುವುದೂ ಎರಡೂ ಸಿಗುತ್ತವೆ. ಸಿರಿಂಜುಗಳೂ ಬೇರೆ ಬೇರೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಅಮೆರಿಕದ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ 2004ರಲ್ಲೇ, ಬರೆಯಲೇಬಾರದ ಸಂಕ್ಷೇಪಗಳ ಪಟ್ಟಿಯಲ್ಲಿ ಈ ಯು ಅಕ್ಷರವನ್ನು ಸೇರಿಸಿತು. ನಮ್ಮ ದೇಶದಲ್ಲಿ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ತಿದ್ದಿ, ಮದ್ದಿನ ಜೆನೆರಿಕ್ ಹೆಸರನ್ನು, ಅಂದರೆ ಕಂಪನಿ ಇಟ್ಟ ಹೆಸರಲ್ಲದ ಮೂಲ ಹೆಸರನ್ನು, ಸ್ಪಷ್ಟವಾಗಿ, ಆದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದಿತು. ಒಳ್ಳೆಯದೇ. ಆದರೆ ಅಜ್ಜಿ ಎಡವಿದ್ದು ಮದ್ದಿನ ಹೆಸರಿನಲ್ಲಲ್ಲ, ಎಷ್ಟು ಸಲ ಎಂಬುದರಲ್ಲಿ.

ಅಂದೇ ಅಜ್ಜಿಯ ಡಾಕ್ಟರರಿಗೆ ಫೋನ್ ಮಾಡಿ ನಡೆದದ್ದನ್ನು ಮುಚ್ಚಿಡದೆ ಹೇಳಿದೆ. ಅವರು ಅಜ್ಜಿಯನ್ನು ಕರೆಸಿ ನೋಡಿದರು, ಅದೇ ಮದ್ದನ್ನು ಮತ್ತೆ ಶುರು ಮಾಡಿಸಿದರು. ಮರುದಿನದಿಂದ ನಮ್ಮ ಅಂಗಡಿಯಲ್ಲಿ ಆ ಅಕ್ಷರಗಳು ಮೇಜು ದಾಟುವುದನ್ನು ನಿಲ್ಲಿಸಿದೆವು. ಕವರ್ ಬರೆಯುವ ಮೊದಲು ಯಾವ ಭಾಷೆ ಓದುತ್ತೀರಿ ಎಂದು ಕೇಳುತ್ತೇವೆ. ಕನ್ನಡವೋ ಮಲಯಾಳವೋ, ಅದರಲ್ಲಿ ‘ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟದ ಜೊತೆ’ ಎಂದು ಪೂರ್ತಿ ಬರೆಯುತ್ತೇವೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಮಾತನಾಡುವ, ಅಕ್ಷರವೇ ಬಾರದ ಹಿರಿಯರು ಬಹಳ ಮಂದಿ ಇದ್ದಾರೆ. ಅವರಿಗಾಗಿ ಹುಡುಗ ಸೂರ್ಯನನ್ನೂ ಅರ್ಧಚಂದ್ರನನ್ನೂ ಬಿಡಿಸಿ, ಪ್ರತಿಯೊಂದರ ಕೆಳಗೂ ಗುಳಿಗೆ ಎಷ್ಟೋ ಅಷ್ಟು ಚುಕ್ಕೆ ಇಡುತ್ತಾನೆ. ಕೊನೆಗೆ “ಮನೆಗೆ ಹೋಗಿ ಹೇಗೆ ತೆಗೆದುಕೊಳ್ಳುತ್ತೀರಿ, ಒಮ್ಮೆ ಹೇಳಿ” ಎಂದು ಅವರ ಬಾಯಿಂದಲೇ ಕೇಳುತ್ತೇವೆ. ‘ಗೊತ್ತಾಯಿತಾ’ ಎಂದು ಕೇಳಿದರೆ ಎಲ್ಲರೂ ಹೌದು ಎನ್ನುತ್ತಾರೆ, ಅಜ್ಜಿಯೂ ಅಂದು ಹೌದು ಎಂದೇ ತಲೆಯಾಡಿಸಿದ್ದರು.

ಅಂಗಡಿಯ ಯಜಮಾನರಿಗೆ ಮೊದಲು ಇದು ಹಿಡಿಸಲಿಲ್ಲ. ಸಂಜೆ ಮಂಗಳೂರಿನ ಬಸ್ಸು ಬಂದಾಗ ಹತ್ತು ಹದಿನೈದು ಜನ ಒಟ್ಟಿಗೆ ಚೀಟಿ ಚಾಚುತ್ತಾರೆ, ಆ ಹೊತ್ತಿನಲ್ಲಿ ಚಂದ್ರನ ಚಿತ್ರ ಬಿಡಿಸುತ್ತಾ ಕುಳಿತರೆ ಹೇಗೆ ಎಂಬುದು ಅವರ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನಾನು ಅವರಿಗೆ ಅಜ್ಜಿಯ ಆ ಮೂರು ಸ್ಟ್ರಿಪ್‌ಗಳನ್ನು ತೋರಿಸಿದೆ. ಈಗ ಗಿರಾಕಿ ಇಲ್ಲದ ಮಧ್ಯಾಹ್ನದ ಹೊತ್ತಿನಲ್ಲಿ ಅವರೇ ಕುಳಿತು ಖಾಲಿ ಕವರುಗಳ ಮೇಲೆ ಸೂರ್ಯ ಚಂದ್ರರನ್ನು ಬಿಡಿಸಿ ಕಟ್ಟು ಕಟ್ಟಿ ಇಡುತ್ತಾರೆ.

ಅಜ್ಜಿ ತಿಂಗಳಿಗೊಮ್ಮೆ ಬರುತ್ತಾರೆ. ಹುಡುಗ ಬಾಯಿ ತೆರೆಯುವ ಮೊದಲೇ ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಒಪ್ಪಿಸುತ್ತಾರೆ. ಕಳೆದ ಸಲ ಬಂದಾಗ ಸೆರಗಿನ ಒಳಗಿಂದ ಇನ್ನೊಂದು ಕವರ್ ತೆಗೆದರು. ಅವರ ಪಕ್ಕದ ಮನೆಯವರದು, ಬೇರೆ ಯಾವುದೋ ಅಂಗಡಿಯದು. ಮೇಲೆ ನೀಲಿ ಶಾಯಿಯಲ್ಲಿ ಅದೇ ಎರಡು ಅಕ್ಷರ.

“ಇದು ಬಿಡುವುದೋ, ತೆಗೆದುಕೊಳ್ಳುವುದೋ? ಅವಳಿಗೆ ಗೊತ್ತಾಗಲಿಲ್ಲವಂತೆ. ಒಮ್ಮೆ ನೋಡಿ ಸರಿಯಾಗಿ ಬರೆದುಕೊಡಿ” ಎಂದರು.