ಒಂದು ಬಟ್ಟಲಿಗೆ ಒಂದು ವರ್ಷ ಏಕೆ?

ಶಿರಸಿಯ ಸುತ್ತಮುತ್ತ ಮಳೆಗಾಲದಲ್ಲಿ ಹಿತ್ತಲಿನ ಹಲಸಿನ ಮರವೊಂದು ಬಿದ್ದರೆ, ಹಲಗೆಗೆ ಬರುವ ಭಾಗ ಸಾಮಿಲ್ಲಿಗೆ ಹೋಗುತ್ತದೆ, ಕೊಂಬೆಗಳು ಬಚ್ಚಲೊಲೆಗೆ ಸೇರುತ್ತವೆ. ನಡುವೆ ಉಳಿಯುವ ಗಿಡ್ಡ ದಿಮ್ಮಿಗಳನ್ನು ಕೆಲವರು ನನ್ನ ಬಳಿ ತರುತ್ತಾರೆ. ಬಟ್ಟಲು ಕಡೆದುಕೊಡುತ್ತೇನೆ, ಆದರೆ ಮುಂದಿನ ವರ್ಷ ಬನ್ನಿ ಎಂದಾಗ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಲೇತಿನ ಮೇಲೆ ಒಂದು ಹೊತ್ತಿನಲ್ಲಿ ಮುಗಿಯುವ ಕೆಲಸಕ್ಕೆ ಇಷ್ಟು ದಿನ ಏಕೆ?

ಕಡೆಯಲು ನಿಜವಾಗಿಯೂ ಒಂದು ಹೊತ್ತು ಸಾಕು. ಉಳಿದದ್ದೆಲ್ಲ ಮರದೊಳಗಿನ ನೀರು ಹೊರಬೀಳಲು ಬೇಕಾದ ಕಾಲ. ಹಸಿ ಮರದಲ್ಲಿ ಕೋಶಗಳ ಪೊಳ್ಳಿನೊಳಗಿನ ನೀರು ಮೊದಲು ಆರುತ್ತದೆ. ಅದರಿಂದ ಮರ ಹಗುರಾಗುತ್ತದೆಯೇ ಹೊರತು ಕುಗ್ಗುವುದಿಲ್ಲ. ತೇವಾಂಶ ಸುಮಾರು ಶೇ. 30ಕ್ಕಿಂತ ಕೆಳಗಿಳಿದು, ಕೋಶಗಳ ಗೋಡೆಯಲ್ಲಿ ಕುಳಿತ ನೀರು ಹೊರಡತೊಡಗಿದ ಮೇಲೆಯೇ ಕುಗ್ಗುವಿಕೆ ಆರಂಭ. ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗಿದ್ದರೆ ತೊಂದರೆಯಿರಲಿಲ್ಲ. ಎಳೆಯ ಉದ್ದಕ್ಕೆ ಮರ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ. ಅಡ್ಡಕ್ಕಾದರೋ, ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ದಿಮ್ಮಿಯ ಕೊಯ್ದ ತುದಿಯಲ್ಲಿ ಕಾಣುವ ಬಳೆಗಳ ಸುತ್ತಿನಲ್ಲಿ ಕುಗ್ಗುವುದು ಹೆಚ್ಚುಕಡಿಮೆ ಎರಡರಷ್ಟು. ಇಡೀ ದಿಮ್ಮಿ ಒಣಗುವಾಗ ನಡುವಿನಿಂದ ಸೀಳುವುದು ಈ ಎಳೆದಾಟದಿಂದಲೇ.

ಆದ್ದರಿಂದ ದಿಮ್ಮಿಯನ್ನು ಮೊದಲೇ ಉದ್ದುದ್ದಕ್ಕೆ ಎರಡು ಹೋಳು ಮಾಡಿ, ನಟ್ಟನಡುವಿನ ತಿರುಳನ್ನು ತೆಗೆದುಹಾಕಿ, ಪ್ರತಿ ಹೋಳನ್ನೂ ಹಸಿಯಾಗಿರುವಾಗಲೇ ಒಮ್ಮೆ ದಪ್ಪವಾಗಿ ಕಡೆಯುತ್ತೇನೆ. ಬಾಯಿ 10 ಅಂಗುಲವಿದ್ದರೆ ಗೋಡೆ 1 ಅಂಗುಲ ದಪ್ಪವಿರಬೇಕು. ಅಡ್ಡಗೊಯ್ತ ಕಾಣುವ ಎರಡು ಬದಿಗಳಿಂದ ನೀರು ಬೇಗ ಆರುವುದರಿಂದ ಅಲ್ಲಿಗೆ ಮೇಣ ಬಳಿದು, ಕಡೆದ ಹೊಟ್ಟಿನೊಂದಿಗೆ ಗೋಣಿಚೀಲದಲ್ಲಿಟ್ಟು ಅಟ್ಟದ ನೆರಳಿಗೆ ಸೇರಿಸುತ್ತೇನೆ. ತಿಂಗಳಿಗೊಮ್ಮೆ ತೂಗಿ, ತೂಕವನ್ನು ಬಟ್ಟಲಿನ ತಳದಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ. ತೂಕ ಇಳಿಯುವುದು ನಿಂತಾಗ ಮರ ಒಣಗಿದಂತೆ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಆಗ ತೂಕ ಇಳಿಯುವುದಿರಲಿ, ಬೂಷ್ಟು ಹಿಡಿಯದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಇದೇ ಜಿಲ್ಲೆಯ ಮುಂಡಗೋಡಿನ ಒಣ ಹವೆಯಲ್ಲಿ ಈ ಕೆಲಸ ಬೇಗ ಆದೀತು, ಕಾರವಾರದ ಕಡಲಂಚಿನಲ್ಲಿ ಇನ್ನೂ ತಡವಾದೀತು.

ಒಣಗಿದ ಬಟ್ಟಲಿನ ಬಾಯಿ ದುಂಡಗೆ ಉಳಿದಿರುವುದಿಲ್ಲ. ಎಳೆಯ ಉದ್ದಕ್ಕೆ ಅಗಲವಾಗಿ, ಅಡ್ಡಕ್ಕೆ ಕಿರಿದಾಗಿರುತ್ತದೆ. ಎರಡನೆಯ ಸಲ ಕಡೆಯುವಾಗ ಆ ಸೊಟ್ಟವನ್ನು ತೆಗೆಯುವುದಕ್ಕೆಂದೇ ಮೊದಲು ಅಷ್ಟು ದಪ್ಪ ಬಿಟ್ಟಿರುವುದು. ಆರಂಭದ ದಿನಗಳಲ್ಲಿ, ತಂದವರು ಕಾಯುತ್ತಿದ್ದಾರೆಂಬ ಅವಸರಕ್ಕೆ ಹಸಿ ಹಲಸನ್ನು ಒಂದೇ ಸಲಕ್ಕೆ ತೆಳುವಾಗಿ ಕಡೆದು, ಅಂಚಿಗೆ ಗೆರೆಗಳನ್ನೂ ಹಾಕಿ ಕೊಟ್ಟಿದ್ದೆ. ತಿಂಗಳೊಳಗೆ ಅದು ನೆಲದ ಮೇಲೆ ಸರಿಯಾಗಿ ಕೂರದಂತಾಯಿತು. ಸಮನಾಗಿದ್ದ ಗೆರೆಗಳು ಸೊಟ್ಟಗಾಗಿ ಬಾಗಿದ್ದನ್ನು ನೋಡಿದಾಗ ಆದ ಸಂಕಟ ಈಗಲೂ ನೆನಪಿದೆ.

ಹೀಗಾಗಿ ಅಲಂಕಾರ ಕೊನೆಯ ಕೆಲಸ. ಊರು ಶಿರಸಿಯೆಂದ ಕೂಡಲೇ ಗುಡಿಗಾರರ ಗಂಧದ ಕೆತ್ತನೆಯಂಥದ್ದನ್ನು ಅನೇಕರು ಬಯಸುತ್ತಾರೆ. ಗಂಧದ ಮರ ಬಹಳ ನುಣುಪು, ಕೂದಲೆಳೆಯಷ್ಟು ಸಣ್ಣ ಬಳ್ಳಿಯನ್ನೂ ಹಿಡಿದುಕೊಳ್ಳುತ್ತದೆ. ಹಲಸಿನ ಎಳೆ ಒರಟು, ಒಂದರೊಳಗೊಂದು ಹೆಣೆದಿರುವುದರಿಂದ ಸಣ್ಣ ಕೆತ್ತನೆ ಚಕ್ಕೆಯೇಳುತ್ತದೆ. ಹಲಸಿಗೆ ಒಪ್ಪುವುದು ಗೆರೆ. ತಿರುಗುತ್ತಿರುವ ಬಟ್ಟಲಿನ ಹೊರಮೈಗೆ ಉಳಿಯ ಮೊನೆಯಿಂದ ಸಣ್ಣ ಗೀರು ಹಾಕಿ, ಎರಡೂ ತುದಿಗೆ ಮರದ ಹಿಡಿಯಿರುವ ತಂತಿಯನ್ನು ಅದರೊಳಗೆ ಒತ್ತಿಹಿಡಿದರೆ, ಉಜ್ಜಿದ ಕಾವಿಗೆ ಗೀರು ಸುಟ್ಟು ಅಚ್ಚ ಕಪ್ಪಾಗುತ್ತದೆ. ಹಳದಿ ಹಲಸಿನ ಮೇಲೆ ಆ ಕಪ್ಪು ಬಹಳ ಚೆಂದ. ಬಣ್ಣ ಬೇಕೆಂದವರಿಗೆ, ಚನ್ನಪಟ್ಟಣದ ಬೊಂಬೆಗಳಿಗೆ ಮಾಡುವಂತೆ, ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ, ಆ ಬಿಸಿಗೆ ಕರಗಿದ ಅರಗಿನಿಂದ ಒಂದು ಪಟ್ಟಿ ಎಳೆಯುತ್ತೇನೆ, ಆದರೆ ಹೊರಮೈಗೆ ಮಾತ್ರ. ಅರಗು ಬಿಸಿಗೆ ಮೆತ್ತಗಾಗುವುದರಿಂದ, ತಿನ್ನುವ ಪದಾರ್ಥ ಇಡುವ ಒಳಮೈಗೆ ಅಗಸೆ ಎಣ್ಣೆ ಮತ್ತು ಜೇನುಮೇಣ ಸಾಕು. ಹಳದಿ ಹಾಗೆಯೇ ಉಳಿಯಲಿ ಎಂದು ಕೇಳುವವರಿದ್ದಾರೆ. ಅದು ಉಳಿಯುವುದಿಲ್ಲ, ಬೆಳಕಿಗೆ ವರ್ಷವರ್ಷವೂ ಕಂದುತ್ತಾ ಹೋಗುತ್ತದೆ. ನನಗಂತೂ ಆ ಕಂದು ಬಣ್ಣವೇ ಹೆಚ್ಚು ಇಷ್ಟ.

ನಿಮ್ಮ ಹಿತ್ತಲಿನಲ್ಲೂ ಮರ ಬಿದ್ದಿದ್ದರೆ, ತುಂಡನ್ನು ಬೇಕಾದ ಅಳತೆಗಿಂತ ಎರಡೂ ಕಡೆ ಎರಡೆರಡು ಅಂಗುಲ ಉದ್ದ ಬಿಟ್ಟು ಕೊಯ್ಯಿಸಿ, ಕೊಯ್ದ ದಿನವೇ ತುದಿಗಳಿಗೆ ಕರಗಿಸಿದ ಮೇಣ ಬಳಿದು, ಬಿಸಿಲು ಬೀಳದ ಕಡೆ ಇಡಿ. ಕೂಡಲೇ ತರಲಾಗದಿದ್ದರೂ ಚಿಂತೆಯಿಲ್ಲ. ಅಂಗಳದ ಬಿಸಿಲಿನಲ್ಲಿ ಎಂಟು ದಿನ ಬಿದ್ದು ಸೀಳಿದ ತುಂಡು ಮಾತ್ರ ಒಲೆಗಲ್ಲದೆ ಬೇರೆ ಯಾವುದಕ್ಕೂ ಬರುವುದಿಲ್ಲ.